ಪ್ರಾಣೇಶ, ನಾರಣಪ್ಪ: ಹೆಸರಿನೊಳಗಿನ ಕತೆ

ದೋಣಿಮಲೈಯಿಂದ ಸಂಡೂರು, ಹೊಸಪೇಟೆ ದಾಟಿ ಹಂಪಿಗೆ ಬಂದರೆ, ತುಂಗಭದ್ರೆಯ ದಡದಲ್ಲಿ ವ್ಯಾಸರಾಯರು ಪ್ರತಿಷ್ಠಾಪಿಸಿದರೆಂದು ಭಕ್ತರು ನಂಬುವ ಯಂತ್ರೋದ್ಧಾರಕ ಪ್ರಾಣದೇವರ ಗುಡಿ. ಯು.ಆರ್. ಅನಂತಮೂರ್ತಿಯವರ ಕಾದಂಬರಿ ‘ಸಂಸ್ಕಾರ’ (1965) ಓದಿದವರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು.

ಕಾದಂಬರಿಯ ನಾಯಕ ಪ್ರಾಣೇಶಾಚಾರ್ಯ. ಅದು ಮಾಧ್ವರ ಮನೆಯ ಸಹಜ ಹೆಸರು. ಅದರೊಳಗೆ ಉಸಿರಿನ ಒಡೆಯ ವಾಯು, ಹನುಮಂತ, ಮಧ್ವರು ಒಟ್ಟಿಗೇ ಇದ್ದಾರೆ. ಆದರೂ ಉಸಿರು ನಿಂತ ಹೆಣದ ಮುಂದೆ, ಅದರ ಸಂಸ್ಕಾರ ಯಾರು ಮಾಡಬೇಕೆಂದು ತಿಳಿಯದೆ, ಆಚಾರ್ಯರು ಕೈಚೆಲ್ಲುತ್ತಾರೆ. ದಾರಿ ತೋರೆಂದು ಬೇಡಿಕೊಂಡರೆ ಮಾರುತಿಯೂ ಪ್ರಸಾದ ಕೊಡುವುದಿಲ್ಲ.

ಆ ಹೆಣ ಅಗ್ರಹಾರದ ಆಚಾರಗಳನ್ನು ಧಿಕ್ಕರಿಸಿ ಬದುಕಿದ ನಾರಣಪ್ಪನದು.

ನಾರಣಪ್ಪ ಎಂದರೆ ನಾರಾಯಣನ ಹೆಸರು. ಗದುಗಿನ ಕುಮಾರವ್ಯಾಸನ ಹೆಸರೂ ಹೌದು. ಸಾಯುವಾಗ ‘ನಾರಾಯಣ’ ಎಂದು ಮಗನನ್ನು ಕೂಗಿ ಪಾರಾದ ಅಜಾಮಿಳನೂ ನೆನಪಾಗುತ್ತಾನೆ. ಅಗ್ರಹಾರ ದೂರವಿಟ್ಟವನಿಗೇ ಈ ಹೆಸರು!

‘ಸಂಸ್ಕಾರ’ದಂಥ ನವ್ಯ ಕೃತಿಗಳನ್ನು ಕಾಮೂ, ಸಾರ್ತ್ರರ ಮೂಲಕ ಓದುವುದು ರೂಢಿ. ತರಗತಿಗಳಲ್ಲಿ ಅವರ ಜೊತೆಗೆ ಕುಮಾರವ್ಯಾಸನೂ ಹಂಪಿಯ ಪ್ರಾಣದೇವರೂ ಬರಲೇಬೇಕು.