ಸಹಿ ಇಲ್ಲದ ಅರ್ಜಿ, ಗುಟ್ಟಿಲ್ಲದ ಕಚೇರಿ

ಚಾಮರಾಜನಗರದಲ್ಲಿ ಹತ್ತಿದ ಬಸ್ಸು ತೆರಕಣಾಂಬಿ ದಾಟಿ ಗುಂಡ್ಲುಪೇಟೆ ಮುಟ್ಟುವಷ್ಟರಲ್ಲಿ, ಯಾರು ಯಾರ ಮೇಲೆ ಅರ್ಜಿ ಬರೆದರು ಎಂಬುದು ಅರ್ಧ ಬಸ್ಸಿಗೆ ಗೊತ್ತಾಗಿರುತ್ತೆ. ಅರ್ಜಿಗೆ ಸಹಿಯೇ ಇರಲಿಲ್ಲ ಎಂಬುದು ಬೇರೆ ಮಾತು!

ಮೂಗರ್ಜಿ ನಮ್ಮ ಕಡೆಗೆ ಹೊಸದಲ್ಲ. ಹಿಂದೆ ಇನ್‌ಲ್ಯಾಂಡ್ ಕಾಗದದಲ್ಲಿ ಎಡಗೈಯಿಂದ ಬರೆದು ಪಕ್ಕದೂರಿನ ಅಂಚೆ ಡಬ್ಬಿಗೆ ಹಾಕುತ್ತಿದ್ದರು. ಈಗ ಮೊಬೈಲಿನಲ್ಲಿ ಸುಳ್ಳು ಹೆಸರಿನ ಖಾತೆ ತೆರೆಯುತ್ತಾರೆ. ಆಗದವರ ಮಗಳ ಸಂಬಂಧ ಕೆಡಿಸಲು ಬರೆಯುವ ಪುಣ್ಯಾತ್ಮರೂ ಉಂಟು. ಅಂಥವರ ಪರ ವಾದ ಬೇಡ. ಆದರೆ ನ್ಯಾಯಬೆಲೆ ಅಂಗಡಿಯ ತೂಕ ಸರಿಯಿಲ್ಲ, ರಾತ್ರಿ ಕಲ್ಲಿನ ಲಾರಿ ಪರ್ಮಿಟ್ ಇಲ್ಲದೆ ಓಡುತ್ತೆ ಎಂದು ಬರೆಯುವವನೂ ಹೆಸರು ಮರೆಸಿಯೇ ಬರೆಯುತ್ತಾನೆ. ನಾಳೆ ಅದೇ ಅಂಗಡಿಯಲ್ಲಿ ಅಕ್ಕಿ ತರಬೇಕಲ್ಲ ಸ್ವಾಮಿ!

ಹೆಸರಿಲ್ಲದ ದೂರಿನ ಮೇಲೆ ಕ್ರಮ ಬೇಡ ಎಂದು ಕೇಂದ್ರ ಜಾಗೃತ ಆಯೋಗ 1999ರ ಜೂನ್‌ನಲ್ಲೇ ಸುತ್ತೋಲೆ ಹೊರಡಿಸಿತು. ನಮ್ಮ ಲೋಕಾಯುಕ್ತಕ್ಕೆ ದೂರು ಕೊಡಲು ಪ್ರಮಾಣಪತ್ರ ಬೇಕು. ಇನ್ನು ಮಾಹಿತಿ ಹಕ್ಕು: ಯಾವ ಕಚೇರಿಯ ಹುಳುಕು ಹುಡುಕಬೇಕೋ ಅದೇ ಕಚೇರಿಯ ಮೇಜಿನ ಮೇಲೆ ಅರ್ಜಿದಾರನ ಹೆಸರು ಮೊದಲು ಬಂದು ಕೂರುತ್ತೆ. ಸಹಿ ಹಾಕು ಅನ್ನೋದು ನ್ಯಾಯವೇ. ಹಾಕಿದವನ ಗುಟ್ಟು ಕಾಯುವವರು ಯಾರು?

ಸತ್ಯೇಂದ್ರ ದುಬೆ ಎಂಬ ಹೆದ್ದಾರಿ ಎಂಜಿನಿಯರ್ ರಸ್ತೆ ಕಾಮಗಾರಿಯ ಅಕ್ರಮದ ಬಗ್ಗೆ ಪ್ರಧಾನಿಗೇ ಪತ್ರ ಬರೆದರು. ಹೆಸರು ಗುಟ್ಟಾಗಿರಲಿ ಎಂದು ಕೇಳಿಕೊಂಡಿದ್ದರು. ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ತಿರುಗಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಅದು ದರೋಡೆ ಎಂದು ಸಿಬಿಐ ಹೇಳಿತು. ಇರಲಿ. ಹೆಸರು ಹೊರಬಿದ್ದದ್ದಂತೂ ಸುಳ್ಳಲ್ಲ.

ಆ ಗಲಾಟೆಯ ಮೇಲೆ 2004ರಲ್ಲಿ ಒಂದು ವ್ಯವಸ್ಥೆ ಬಂತು. ಲಕೋಟೆಯ ಮೇಲೆ ಹೆಸರು ಬೇಡ, ಒಳಗೆ ಬರೆದರೆ ಸಾಕು, ಆಯೋಗ ಅದನ್ನು ಮುಚ್ಚಿಡುತ್ತೆ. ಆದರೆ ಅದು ಕೇಂದ್ರದ ನೌಕರರ ಮೇಲಿನ ದೂರಿಗೆ ಮಾತ್ರ. ನಮ್ಮ ತಾಲ್ಲೂಕು ಕಚೇರಿಗೂ ಸಲ್ಲಬೇಕಾದ ಕಾಯ್ದೆಗೆ 2014ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಜಾರಿಯ ದಿನಾಂಕ ಮಾತ್ರ ಇನ್ನೂ ಬಿದ್ದಿಲ್ಲ!

ಮೊಬೈಲಿನ ಸುಳ್ಳು ಹೆಸರು ನೆಚ್ಚಿಕೊಂಡವರಿಗೂ ಒಂದು ಮಾತು. ಸಿಮ್ ಕೊಳ್ಳುವಾಗ ಗುರುತಿನ ಚೀಟಿ ಕೊಟ್ಟಾಗಿದೆ. ಪೊಲೀಸರು ಕಾನೂನು ಪ್ರಕಾರ ಕೇಳಿದರೆ ಕಂಪನಿ ನಂಬರು ಕೊಡುತ್ತೆ. ಊರವರಿಗಂತೂ ಅಷ್ಟೂ ಬೇಡ. ಭುವನೇಶ್ವರಿ ವೃತ್ತದ ಫೋಟೋ ಯಾವ ಮಹಡಿಯಿಂದ ತೆಗೆದದ್ದು ಎಂದು ಎದುರಂಗಡಿಯವನು ನೋಡಿದ ಕೂಡಲೇ ಹೇಳಿಬಿಡುತ್ತಾನೆ. ಬರೆದವನ ಮಾತಿನ ವರಸೆಯೇ ಸಹಿ.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಒಕ್ಕೊರಲಿನಿಂದ ಹೇಳಿದರು. ಆ ಮೊಕದ್ದಮೆ ಹೂಡಿದವರು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮಾಹಿತಿ ಹಕ್ಕಿನ ಅರ್ಜಿಗೆ ಮನೆ ವಿಳಾಸ ಬೇಡ, ಪೋಸ್ಟ್ ಬಾಕ್ಸ್ ನಂಬರು ಸಾಕು ಎಂದು ಕಲ್ಕತ್ತಾ ಹೈಕೋರ್ಟು 2013ರಲ್ಲೇ ಹೇಳಿದೆ. ಅರ್ಜಿ ಬರೆಯುವವರಿಗೆ ಇದು ಗೊತ್ತಿದ್ದರೆ ಒಳ್ಳೇದು.

ಇನ್ನು ಅರ್ಜಿ ಬಿಚ್ಚುವವರ ವಿಷಯ. ದೂರು ಬಂತೆಂದರೆ ಅದರ ಪೂರಾ ಪ್ರತಿಯನ್ನು 'ವರದಿ ಕೊಡಿ' ಎಂದು ಬರೆದು ಆರೋಪ ಹೊತ್ತವನಿಗೇ ಕಳಿಸಿಬಿಡುವ ಪದ್ಧತಿ ಇದೆಯಲ್ಲ, ಅಲ್ಲೇ ಗುಟ್ಟು ಒಡೆಯೋದು. ಜೆರಾಕ್ಸ್ ಮಾಡುವಾಗ ಹೆಸರಿನ ಸಾಲಿನ ಮೇಲೆ ಒಂದು ತುಂಡು ಬಿಳಿ ಕಾಗದ ಇಟ್ಟರೆ ಆಯ್ತು. ಅದಕ್ಕೆ ದೆಹಲಿಯಿಂದ ಅಪ್ಪಣೆ ಬರಬೇಕಾಗಿಲ್ಲ.