ವಸಡಿನ ದಪ್ಪವೂ 0.2 ಮಿಲಿಮೀಟರಿನ ಪ್ರಶ್ನೆಯೂ

1948ರ ದಂತವೈದ್ಯರ ಕಾಯಿದೆಯ ಸ್ಥಾನಕ್ಕೆ 2023ರ ರಾಷ್ಟ್ರೀಯ ದಂತ ಆಯೋಗ ಕಾಯಿದೆ ಬಂದ ಮೇಲೆ, ದಂತ ಮಹಾವಿದ್ಯಾಲಯಗಳು ಇನ್ನಾದರೂ ಡಿಜಿಟಲ್ ಆಗಬೇಕು, ಬಾಯೊಳಗಿನ ಸ್ಕ್ಯಾನರೂ ಸಿಬಿಸಿಟಿಯೆಂಬ ಮೂರು ಆಯಾಮದ ಎಕ್ಸ್-ರೇ ಚಿತ್ರಣವೂ ಇರುವಾಗ ವಸಡಿಗೆ ಸೂಜಿ ಚುಚ್ಚಿ ದಪ್ಪ ನೋಡುವುದು ಕಾಲಬಾಹಿರ ಎಂಬ ವಾದ ಮೇಲಿಂದ ಮೇಲೆ ಕೇಳಿಬರುತ್ತಿದೆ. ಈ ವಾದ ತಪ್ಪೆಂದು ಮೊದಲೇ ಹೇಳಿಬಿಡುತ್ತೇನೆ. ಯಂತ್ರದ ಗುಣಾವಗುಣಗಳನ್ನು ಕುರಿತು ಪುಟಗಟ್ಟಲೆ ಬರೆಯುವವರು, ಯಾವ ಅಂಕಿಯನ್ನು ನಿರ್ಣಯಿಸುವುದಕ್ಕಾಗಿ ಯಂತ್ರ ಬೇಕಾಯಿತೋ ಆ ಅಂಕಿಯನ್ನೇ ನೋಡದೆ ಹೋಗುತ್ತಿರುವುದು ನನಗೆ ಸಹಿಸಲಾಗದ ಸಂಗತಿ.

2017ರ ಷಿಕಾಗೊ ವಿಶ್ವ ಕಾರ್ಯಾಗಾರದ ವರ್ಗೀಕರಣದಲ್ಲಿ ತೆಳು ವಸಡಿಗೂ ದಪ್ಪ ವಸಡಿಗೂ ನಡುವಣ ಗಡಿ 1 ಮಿ.ಮೀ. ಅದಕ್ಕೆ ಬಹು ಹಿಂದೆ, 1999ರಲ್ಲಿ, ಇಟಲಿಯ ಬಾಲ್ಡಿ ಮತ್ತು ಸಂಗಡಿಗರು ಬೇರು ಮುಚ್ಚುವ ಶಸ್ತ್ರಕ್ರಿಯೆಯ ಪೂರ್ಣ ಸಫಲತೆಗೆ ಕಂಡುಕೊಂಡ ಗಡಿ 0.8 ಮಿ.ಮೀ. ಎರಡರ ಅಂತರ 0.2. ಈಗ ಸಿಬಿಸಿಟಿಯತ್ತ ನೋಡಿರಿ: ರೂಢಿಯ ಚಿತ್ರೀಕರಣದಲ್ಲಿ ಅದರ ಒಂದು ವಾಕ್ಸೆಲ್‌ನ, ಅಂದರೆ ಚಿತ್ರದ ಅತಿ ಚಿಕ್ಕ ಘನಕಣದ, ಬದಿಯೇ ಸಾಮಾನ್ಯವಾಗಿ 0.2 ಮಿ.ಮೀ., ಅನೇಕ ಸಲ ಅದಕ್ಕಿಂತಲೂ ದೊಡ್ಡದು. ಸ್ಕ್ಯಾನರು ವಸಡಿನ ಹೊರಮೈಯನ್ನು ಎಷ್ಟೇ ನವಿರಾಗಿ ಗ್ರಹಿಸಲಿ, ಒಳಗಿನ ಎಲುಬಿನ ಅಥವಾ ಬೇರಿನ ಎಲ್ಲೆ ಸಿಬಿಸಿಟಿಯಿಂದಲೇ ಬರಬೇಕಾದುದರಿಂದ, ಎರಡನ್ನೂ ಒಂದರ ಮೇಲೊಂದು ಹೊಂದಿಸಿ ತೆಗೆದ ಅಳತೆ ಒರಟಾದ ಚಿತ್ರದಷ್ಟೇ ಒರಟು. ಹೊಂದಿಸುವಾಗಿನ ದೋಷ ಬೇರೆ. ಚಿಕ್ಕ ಕ್ಷೇತ್ರವನ್ನಷ್ಟೇ ಹಿಡಿದು ಸೂಕ್ಷ್ಮವಾಗಿ ಚಿತ್ರಿಸಬಹುದು, ನಿಜ. ಆದರೆ ತುಟಿಯನ್ನು ವಸಡಿನಿಂದ ಬೇರ್ಪಡಿಸಿ ಹಿಡಿಯದಿದ್ದರೆ ಎರಡೂ ಒಂದೇ ಛಾಯೆಯಾಗಿ ಬೆರೆತು ಅಲ್ಲಿಯೂ ಗಡಿ ಕಾಣದು. ಪರದೆಯ ಮೇಲೆ 0.93 ಎಂದು ಮೂಡುವ ಅಂಕಿಯ ಕೊನೆಯ 3ಕ್ಕೆ ಆಧಾರವೇ ಇಲ್ಲ.

ಕೈಯ ವಿಧಾನ ನಿರ್ದೋಷವೆಂದು ನಾನು ಹೇಳುತ್ತಿಲ್ಲ. ಪ್ರೋಬ್‌ನ ಗೆರೆಗಳು ಮಿಲಿಮೀಟರಿಗೊಂದು. ಅರಿವಳಿಕೆಯ ಚುಚ್ಚುಮದ್ದು ವಸಡನ್ನೇ ಉಬ್ಬಿಸುತ್ತದೆ. ಸೂಜಿ ಓರೆಯಾದರೆ ದಪ್ಪ ಹೆಚ್ಚಾಗಿ ಬರುತ್ತದೆ. ವಸಡಿನ ಅಂಚಿನೊಳಗೆ ಪ್ರೋಬ್ ಇಳಿಸಿ, ಹೊರಗಿನಿಂದ ಅದರ ನೆರಳು ಕಂಡರೆ ತೆಳು, ಕಾಣದಿದ್ದರೆ ದಪ್ಪವೆನ್ನುವ ಸುಲಭ ಪರೀಕ್ಷೆಯೂ ನಮ್ಮ ಸೀಮೆಯಲ್ಲಿ ಎಚ್ಚರದಿಂದ ಬಳಸತಕ್ಕದ್ದು. ಏಕೆಂದರೆ ಕಪ್ಪು ವರ್ಣದ್ರವ್ಯ ತುಂಬಿದ ವಸಡಿನಲ್ಲಿ ನೆರಳು ಮರೆಯಾಗಿ, ತೆಳುವಾದದ್ದು ದಪ್ಪವೆಂದು ದಾಖಲಾಗುವ ಸಂಭವವುಂಟು. ಆದರೆ ಲೇಪದ ಅರಿವಳಿಕೆ ಹಚ್ಚಿ, ರಬ್ಬರ್ ಸ್ಟಾಪರ್ ಏರಿಸಿದ ಎಂಡೋ ಫೈಲನ್ನು ನೇರವಾಗಿ ಇಳಿಸಿ, ಹೊರತೆಗೆದು ಕ್ಯಾಲಿಪರಿನಿಂದ ಓದುವ ಕ್ರಮಕ್ಕೆ ವರ್ಣದ್ರವ್ಯವೂ ಅಡ್ಡಿಯಲ್ಲ, ವಿಕಿರಣವೂ ಇಲ್ಲ.

ನಮ್ಮದೇ ರಾಜ್ಯದ ಪೂರ್ವನಿದರ್ಶನವನ್ನು ಯಾರೂ ಎತ್ತುವುದಿಲ್ಲ. 2005ರಲ್ಲಿ ದಾವಣಗೆರೆಯ ದಂತವಿಜ್ಞಾನ ಮಹಾವಿದ್ಯಾಲಯದ ಕೆ.ಎಲ್. ವಂದನಾ ಮತ್ತು ಬಿ. ಸವಿತಾ ಅವರು 16ರಿಂದ 38 ವಯಸ್ಸಿನ 32 ಮಂದಿಯ ವಸಡನ್ನು ಅಳೆದು, ಕಿರಿಯರಿಗಿಂತ ಹಿರಿಯರಲ್ಲಿ, ಪುರುಷರಿಗಿಂತ ಸ್ತ್ರೀಯರಲ್ಲಿ, ಮೇಲ್ದವಡೆಗಿಂತ ಕೆಳದವಡೆಯಲ್ಲಿ ಅದು ತೆಳುವೆಂದು ಪ್ರಕಟಿಸಿದರು. ಚುಚ್ಚಿ ಅಳೆಯುವ ಕ್ರಮವನ್ನು ಅಲ್ಟ್ರಾಸೌಂಡಿನೊಡನೆ ಹೋಲಿಸಿಯೂ ನೋಡಿದರು. ವಸಡಿಗೆಂದೇ ಜರ್ಮನಿಯಲ್ಲಿ ನಿರ್ಮಿಸಿದ ಅಲ್ಟ್ರಾಸೌಂಡ್ ಉಪಕರಣ, 1996ರ ಸುಮಾರಿಗೆ ಬಹಳ ಕೀರ್ತಿ ಪಡೆದಿದ್ದ ಎಸ್‌ಡಿಎಂ, ಆಮೇಲೆ ಮಾರುಕಟ್ಟೆಯಿಂದಲೇ ಕಣ್ಮರೆಯಾಯಿತು. ಆ ಉಪಕರಣವನ್ನೇ ನೆಚ್ಚಿ ಕ್ರಮ ಕಲಿಸಿದವರ ಶಿಷ್ಯರು ಈಗ ಯಾವುದರಿಂದ ಅಳೆಯಬೇಕು?

ಬಾದಾಮಿಯಿಂದ ರೈಲಿನಲ್ಲಿ ಬಂದವರೂ, ಮಗ್ಗ ನಿಲ್ಲಿಸಿ ಇಳಕಲ್ಲಿನಿಂದ ಹುನಗುಂದದ ಮೇಲಾಗಿ ಬಸ್ಸಿನಲ್ಲಿ ಬಂದವರೂ ಬಾಗಲಕೋಟೆಯ ಪಿ.ಎಂ. ನಾಡಗೌಡ ಸ್ಮಾರಕ ದಂತ ಮಹಾವಿದ್ಯಾಲಯದಂಥ ಸಂಸ್ಥೆಯ ಕುರ್ಚಿಯಲ್ಲಿ ಕುಳಿತಾಗ ಅವರಿಗೆ ಬೇಕಾದ ಉತ್ತರ ಒಂದೇ: ಈ ವಸಡು ಹಲ್ಲುಜ್ಜುವ ಒರಟುತನವನ್ನೂ ಮುಂದಿನ ಶಸ್ತ್ರಕ್ರಿಯೆಯನ್ನೂ ತಾಳೀತೇ? ಈ ಪ್ರಶ್ನೆಯೊಂದಕ್ಕಾಗಿ ವಿಕಿರಣ ಹಾಯಿಸುವುದು ನ್ಯಾಯವಲ್ಲ. ಇಂಪ್ಲಾಂಟಿಗಾಗಿ ಎಲುಬು ನೋಡಲು ಸಿಬಿಸಿಟಿ ಹೇಗೂ ತೆಗೆದಿದ್ದರೆ ಅದರಲ್ಲಿ ವಸಡನ್ನೂ ಓದಿಕೊಳ್ಳಲಿ. ಕಸಿಯ ಬಳಿಕ ತಿಂಗಳುಗಳ ಅಂತರದಲ್ಲಿ ಹೊರಮೈ ಎಷ್ಟು ಬದಲಾಯಿತೆಂದು ನೋಡುವಲ್ಲಿ ಸ್ಕ್ಯಾನರಿಗೆ ಸಮನಾದುದಿಲ್ಲ. ಅಲ್ಲಿ ಅದಕ್ಕೆ ಹಣ ಹಾಕುವುದು ಯೋಗ್ಯ.

ಹೊಸ ಆಯೋಗ ಕಡ್ಡಾಯ ಮಾಡಬೇಕಾದುದು ಕೇಸ್ ಶೀಟಿನ ಒಂದು ಸಾಲನ್ನು: ಯಾವ ಹಲ್ಲು, ಅಂಚಿನಿಂದ ಎಷ್ಟು ಕೆಳಗೆ, ಯಾವ ವಿಧಾನ, ಎಷ್ಟು ದಪ್ಪ. ಅಳತೆ 0.8ಕ್ಕೂ 1ಕ್ಕೂ ನಡುವೆ ಬಿದ್ದರೆ, ಯಾವ ಉಪಕರಣದಿಂದ ಬಂದಿದ್ದರೂ ಸರಿ, ಆ ವಸಡನ್ನು ತೆಳುವೆಂದೇ ಬರೆದು ಚಿಕಿತ್ಸೆ ಯೋಜಿಸತಕ್ಕದ್ದು.