ಜಿಎನ್‌ಇ ಪರೀಕ್ಷೆ ಕೊನೆಗಲ್ಲ, ಮೊದಲೇ ಆಗಲಿ

ಇಪ್ಪತ್ತು-ಮೂವತ್ತರ ಹರೆಯದಲ್ಲಿ ಪಾದದ ಮುಂಭಾಗವನ್ನು ಎತ್ತಲಾಗದೆ ಎಡವುವವರಿಗೆ ಡಿಸ್ಕ್ ತೊಂದರೆ ಅಥವಾ ನರದ ದೌರ್ಬಲ್ಯ ಎಂಬ ಉತ್ತರ ಸಿಗುವುದುಂಟು. ಕೆಲವರಲ್ಲಿ ಕಾರಣವೇ ಬೇರೆ: 9ನೇ ಕ್ರೋಮೋಸೋಮಿನಲ್ಲಿರುವ ಜಿಎನ್‌ಇ ವಂಶವಾಹಿಯ ದೋಷ. ಜೀವಕೋಶಗಳ ಹೊರಮೈಯಲ್ಲಿರುವ ಸಿಯಾಲಿಕ್ ಆಮ್ಲವನ್ನು ದೇಹವೇ ತಯಾರಿಸುತ್ತದೆ. ಅದರ ಮೊದಲೆರಡು ಹಂತಗಳನ್ನು ನಡೆಸುವ ಕಿಣ್ವ ರೂಪುಗೊಳ್ಳುವುದು ಈ ವಂಶವಾಹಿಯಿಂದ. ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಪ್ರತಿ ಬಂದರೆ ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸೊರಗುತ್ತವೆ. ತೊಡೆಯ ಮುಂಭಾಗದ ಸ್ನಾಯು ಮಾತ್ರ ಬಹುಕಾಲ ಗಟ್ಟಿಯಾಗಿರುವುದು ಈ ರೋಗದ ಗುರುತು. ಜಪಾನಿನಲ್ಲಿ 1981ರಲ್ಲಿ, ಇಸ್ರೇಲಿನಲ್ಲಿ 1984ರಲ್ಲಿ ಇದನ್ನು ಬೇರೆ ಬೇರೆಯಾಗಿ ವಿವರಿಸಲಾಯಿತು. ವಂಶವಾಹಿ ಪತ್ತೆಯಾದದ್ದು 2001ರಲ್ಲಿ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರೂ ಇಂಥ ಹಲವು ರೋಗಿಗಳ ಬಗ್ಗೆ ವರದಿ ಮಾಡಿದ್ದಾರೆ. ಇಷ್ಟು ತಿಳಿದಿರುವಾಗ ಈ ಲಕ್ಷಣವುಳ್ಳವರಿಗೆ ವಂಶವಾಹಿ ಪರೀಕ್ಷೆ ಆರಂಭದಲ್ಲೇ ಸಿಗಬೇಕು, ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಉಚಿತವಾಗಿ ಸಿಗಬೇಕು.

ವಾಸಿಮಾಡುವ ಮದ್ದೇ ಇಲ್ಲದ ಮೇಲೆ ಪರೀಕ್ಷೆಯಿಂದೇನು ಲಾಭ ಎಂದು ಕೇಳಬಹುದು. ಸಿಯಾಲಿಕ್ ಆಮ್ಲದ ಮಾತ್ರೆಯ ಮೂರನೇ ಹಂತದ ಅಂತರರಾಷ್ಟ್ರೀಯ ಪ್ರಯೋಗ 2017ರಲ್ಲಿ ವಿಫಲವಾದದ್ದು ನಿಜ. ಆದರೆ ಜಪಾನ್ ಅದೇ ಬಗೆಯ ಔಷಧಕ್ಕೆ 2024ರಲ್ಲಿ ಅನುಮತಿ ಕೊಟ್ಟಿದೆ. ಇಲಿಗಳಲ್ಲಿ ರೋಗ ಕಾಣಿಸುವ ಮೊದಲೇ ಸಿಯಾಲಿಕ್ ಆಮ್ಲ ಕೊಟ್ಟಾಗ ಸ್ನಾಯುಗಳು ಉಳಿದವೆಂದು 2009ರ ಅಧ್ಯಯನ ತೋರಿಸಿತ್ತು. ಮನುಷ್ಯರಲ್ಲೂ ಹಾಗೆಯೇ ಆಗುತ್ತದೆಂದು ಹೇಳಲಾಗದಿದ್ದರೂ, ಸವೆದ ಸ್ನಾಯುವನ್ನು ಮರಳಿ ಪಡೆಯುವುದಕ್ಕಿಂತ ಇರುವುದನ್ನು ಉಳಿಸಿಕೊಳ್ಳುವುದು ಸುಲಭವೆಂಬುದು ಸ್ಪಷ್ಟ. ಮದ್ದಿನ ಮಾತು ಬದಿಗಿರಲಿ, ಸರಿಯಾದ ರೋಗನಿರ್ಣಯವು ಬೇಡದ ಸ್ಟೆರಾಯ್ಡ್, ಬೇಡದ ಬೆನ್ನಿನ ಶಸ್ತ್ರಚಿಕಿತ್ಸೆಗಳಿಂದ ರೋಗಿಯನ್ನು ಕಾಪಾಡುತ್ತದೆ.

ಅಪರೂಪದ ರೋಗಕ್ಕೆ ಸಾರ್ವಜನಿಕ ಹಣವೇಕೆ ಎಂಬುದು ಇನ್ನೊಂದು ಆಕ್ಷೇಪ. ಭಾರತೀಯ ರೋಗಿಗಳಲ್ಲಿ ಒಂದು ನಿರ್ದಿಷ್ಟ ಬದಲಾವಣೆ ಮತ್ತೆ ಮತ್ತೆ ಕಾಣುವುದರಿಂದ, ಮೊದಲು ಅದನ್ನಷ್ಟೇ ಹುಡುಕಿ ಖರ್ಚು ತಗ್ಗಿಸಬಹುದು. ಸೋದರಮಾವ, ಅತ್ತೆ-ಮಾವನ ಮಕ್ಕಳೊಡನೆ ಮದುವೆ ರೂಢಿಯಲ್ಲಿರುವ ಕರ್ನಾಟಕದಲ್ಲಿ ಒಂದೇ ದೋಷ ಗಂಡ ಹೆಂಡತಿ ಇಬ್ಬರಲ್ಲೂ ಇರುವ ಸಂಭವ ಹೆಚ್ಚು. ಹಾಗಿದ್ದರೆ ಪ್ರತಿ ಮಗುವಿಗೂ ರೋಗ ಬರುವ ಸಾಧ್ಯತೆ ನಾಲ್ಕರಲ್ಲೊಂದು. ವಿಷಯ ಹೊರಬಿದ್ದರೆ ಮನೆಯ ಮಕ್ಕಳಿಗೆ ಸಂಬಂಧ ಕೂಡಿಬರದೆಂಬ ಭಯ ಹುಸಿಯಲ್ಲ. ಅದಕ್ಕೆ ಪರಿಹಾರ ಫಲಿತಾಂಶದ ಗೋಪ್ಯತೆ ಮತ್ತು ಆಪ್ತಸಮಾಲೋಚನೆ, ಅಜ್ಞಾನವಲ್ಲ. ರಾಜ್ಯ ಆರೋಗ್ಯ ಇಲಾಖೆ ಈ ಪರೀಕ್ಷೆಯನ್ನು ತನ್ನ ಉಚಿತ ಸೇವೆಗಳ ಪಟ್ಟಿಗೆ ಸೇರಿಸಲಿ.